ಘಾಟಿ ಇಳಿಯುವ ಮುನ್ನ ಶೇ 100 ಚಾರ್ಜ್ ಬೇಡ

ಮಾನ್ಯರೇ,

ಮಡಿಕೇರಿಯಲ್ಲಿ ರಾತ್ರಿಯಿಡೀ ಚಾರ್ಜಿಗೆ ಹಾಕಿ, ಬೆಳಿಗ್ಗೆ ಘಟ್ಟದ ಕೆಳಗಿನ ಸಂಪಾಜೆ ಕಡೆ ಹೊರಟ ಎಲೆಕ್ಟ್ರಿಕ್ ಕಾರು ಆಕ್ಸಿಲರೇಟರ್ ಬಿಟ್ಟರೂ ಎಂದಿನಂತೆ ಹಿಡಿಯುವುದಿಲ್ಲ. ಕಾರು ಕೆಟ್ಟಿಲ್ಲ. ತುಂಬಿದ ಸೆಲ್‌ಗೆ ಇನ್ನಷ್ಟು ವಿದ್ಯುತ್ ತುರುಕಿದರೆ ಹಾಳಾಗುತ್ತದೆಂದು ಬ್ಯಾಟರಿ ನೋಡಿಕೊಳ್ಳುವ ವ್ಯವಸ್ಥೆ (ಬಿಎಂಎಸ್) ರೀಜನರೇಟಿವ್ ಬ್ರೇಕಿಂಗನ್ನೇ, ಅಂದರೆ ಮೋಟರ್ ವೇಗ ತಗ್ಗಿಸುತ್ತಾ ಬ್ಯಾಟರಿಗೆ ವಿದ್ಯುತ್ ಮರಳಿಸುವುದನ್ನೇ, ಕಡಿತಗೊಳಿಸುತ್ತದೆ. ಆಗ ಭಾರವೆಲ್ಲ ಬ್ರೇಕ್ ಪ್ಯಾಡಿನ ಮೇಲೆ. ಮಳೆಗಾಲದ ಮಂಜಿನ ತಿರುವುಗಳಲ್ಲಿ ಇದು ಸಣ್ಣ ವಿಷಯವಲ್ಲ.

1,500 ಕಿಲೋ ತೂಕದ ಕಾರು 1,000 ಮೀಟರ್ ಕೆಳಗಿಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 4 ಯೂನಿಟ್. ಟೈರು, ಗಾಳಿ, ಮೋಟರ್ ಒಂದು ಪಾಲು ತಿನ್ನುತ್ತವೆ. ಉಳಿದದ್ದಕ್ಕೆ 30 ಯೂನಿಟ್ ಬ್ಯಾಟರಿಯಲ್ಲಿ ಶೇ 10ರಷ್ಟು ಜಾಗ ಬಿಟ್ಟರೆ ಸಾಕು. ಚಾರ್ಜ್ ಮಿತಿ ಹೊಂದಿಸುವ ಸೌಲಭ್ಯ ಇಲ್ಲದಿದ್ದರೆ ಟೈಮರ್ ಇಡಿ.

ಇನ್ನೊಂದು ತೊಡಕಿದೆ. ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬಗೆಯ ಬ್ಯಾಟರಿ ಸೆಲ್‌ನ ವೋಲ್ಟೇಜ್ ಬಹುಪಾಲು 3.2–3.3 ವೋಲ್ಟ್‌ನಲ್ಲೇ ನಿಂತಿರುವುದರಿಂದ ಎಷ್ಟು ಉಳಿದಿದೆ ಎಂಬ ಲೆಕ್ಕ ಕ್ರಮೇಣ ತಪ್ಪುತ್ತದೆ. ಅದಕ್ಕೇ ಕಂಪನಿಗಳು ಆಗಾಗ ಪೂರ್ತಿ ತುಂಬಿಸಿ ಎನ್ನುತ್ತವೆ. ತುಂಬಿಸಿ, ಆದರೆ ಊರೊಳಗೇ ಓಡಾಡುವ ದಿನ. ಕೆಳಗಿನಿಂದ ಘಟ್ಟ ಹತ್ತುವವರಿಗೆ ಈ ತಲೆನೋವಿಲ್ಲ.

ಮನೆಯಲ್ಲಿ 16 ಆಂಪಿಯರ್ ಸಾಕೆಟ್‌ಗೆ ಪ್ರತ್ಯೇಕ ವೈರಿಂಗ್, ಸರಿಯಾದ ಅರ್ಥಿಂಗ್ ಇರಲಿ. ಎಕ್ಸ್‌ಟೆನ್ಷನ್ ಬಾಕ್ಸ್ ಬೇಡವೇ ಬೇಡ. ಪ್ಲಗ್ ಪಿನ್ ಕಂದುಬಣ್ಣಕ್ಕೆ ತಿರುಗಿದ್ದರೆ ಸಾಕೆಟ್ ಅಂದೇ ಬದಲಿಸಿ. ಹೊಳೆ ನೀರಿನಲ್ಲಿ ಮುಳುಗಿದ ಕಾರನ್ನು ಮಾತ್ರ ಒಣಗಿತೆಂದು ಚಾರ್ಜಿಗೆ ಹಾಕಬೇಡಿ; ಮನೆ, ಕಾಫಿ ಗೋದಾಮಿನಿಂದ ದೂರ ನಿಲ್ಲಿಸಿ ಸರ್ವಿಸ್‌ನವರನ್ನು ಕರೆಸಿ. ಇಷ್ಟನ್ನು ಕೀಲಿ ಕೊಡುವಾಗಲೇ ಮಾರಾಟಗಾರರು ಹೇಳಬಾರದೇ?

– ಓದುಗರು, ಮಡಿಕೇರಿ