ನಮಾಜು ಮಾಡುವ ಹುಡುಗನೂ ಪ್ರೀತಿಸಲಿ, ಆದರೆ...

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಭಾನುವಾರದ ಪುರವಣಿಯಲ್ಲಿ ಹೊರದೇಶದ ಸಿನಿಮಾಗಳ ಬಗ್ಗೆ ಬಂದ ಬರಹ ಓದಿದೆ. ಇಂಡೋನೇಷ್ಯಾದ ‘ಆಯತ್ ಆಯತ್ ಚಿಂತಾ’ವನ್ನು ಲೇಖಕರು ‘ಹಾಡು ಸೇರಿಸಿದ ಪ್ರವಚನ’ ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದಾರೆ. ಅನ್ಯಾಯ ಅನ್ನಿಸಿತು. ಆ ಸಿನಿಮಾದ ಮೇಲೆ ನನಗೂ ಸಿಟ್ಟಿದೆ, ಆದರೆ ಕಾರಣ ಬೇರೆ.

2008ರ ಸಿನಿಮಾ ಇದು. ನಿರ್ದೇಶಕ ಹನುಂಗ್ ಬ್ರಮಾಂತ್ಯೊ. ಹಬೀಬುರ್ರಹಮಾನ್ ಅಲ್ ಶಿರಾಜಿ ಅವರ 2004ರ ಕಾದಂಬರಿ ಇದಕ್ಕೆ ಮೂಲ. ಅವರು ಸ್ವತಃ ಈಜಿಪ್ಟಿನ ಕೈರೋದ ಅಲ್ ಅಜ್‌ಹರ್ ವಿಶ್ವವಿದ್ಯಾಲಯದಲ್ಲಿ ಓದಿದವರು, ಕಥಾನಾಯಕ ಫಹ್ರಿಯೂ ಅಲ್ಲೇ ಓದುತ್ತಾನೆ. ಇಂಡೋನೇಷ್ಯಾದಲ್ಲಿ 35 ಲಕ್ಷಕ್ಕೂ ಜಾಸ್ತಿ ಜನ ಥಿಯೇಟರಿಗೆ ಹೋಗಿ ನೋಡಿದರು. ಆಗಿನ ಅಧ್ಯಕ್ಷ ಯುಧೊಯೊನೊ ಕೂಡ ನೋಡಿ ಕಣ್ಣೊರೆಸಿಕೊಂಡರು ಅಂತ ಪತ್ರಿಕೆಗಳಲ್ಲಿ ಬಂದಿತ್ತು. ಸುಮ್ನೆ ಪ್ರವಚನ ಕೇಳಲಿಕ್ಕೆ ಇಷ್ಟು ಜನ ಟಿಕೆಟ್ ತೆಗೆಯುತ್ತಾರಾ?

ಮೂಲತಃ ನಾನು ಧಾರವಾಡದವಳು. ಈಗ ಪುಣೆಯ ಕೊಂಢ್ವಾದಲ್ಲಿ ವಿದ್ಯಾರ್ಥಿಗಳಿಗೆ ಡಬ್ಬಾ ಕೊಡುತ್ತೇನೆ, ಮಹಡಿಯ ಮೇಲಿನ ಕೋಣೆಗಳನ್ನೂ ಬಾಡಿಗೆಗೆ ಕೊಟ್ಟಿದ್ದೇನೆ. ಯೆಮೆನ್, ಸುಡಾನ್, ಅಫ್ಘಾನಿಸ್ತಾನದ ಹುಡುಗರು ಇದ್ದು ಹೋಗಿದ್ದಾರೆ. ಪರದೇಶದವರಿಗೆ ಮನೆ ಕೊಟ್ಟರೆ ಮಾಲೀಕರು ಸರ್ಕಾರಕ್ಕೆ ಅವರ ವಿವರದ ಫಾರ್ಮ್ ತುಂಬಿ ಕೊಡಬೇಕು, ಆ ಹುಡುಗರು ವಿದೇಶಿಯರ ನೋಂದಣಿ ಕಚೇರಿಗೆ ಅಲೆಯಬೇಕು. ಮನೆಯಿಂದ ದುಡ್ಡು ಬರುವುದು ತಡವಾದ ತಿಂಗಳು ಕಣ್ಣು ತಪ್ಪಿಸಿ ಮೆಟ್ಟಿಲು ಹತ್ತುತ್ತಾರೆ. ರಂಜಾನಿನಲ್ಲಿ ಸಹರಿಗೆ, ಅಂದರೆ ಉಪವಾಸಕ್ಕೆ ಮುಂಚಿನ ಬೆಳಗಿನ ಜಾವದ ಊಟಕ್ಕೆ, ಎಬ್ಬಿಸುವವರಿಲ್ಲ ಅಂತ ಅಲಾರಂ ಮೇಲೆ ಅಲಾರಂ ಇಟ್ಟು, ಇಡೀ ಓಣಿಯನ್ನು ಎಬ್ಬಿಸುತ್ತಾರೆ. ಪ್ರೀತಿ ಪ್ರೇಮವೂ ನಡೆಯುತ್ತದೆ. ಯಾರದು, ಯಾರ ಜೊತೆ ಅಂತ ಬರೆಯುವುದಿಲ್ಲ, ಅವರ ತಾಯಂದಿರು ನನ್ನ ಜೊತೆ ಫೋನಿನಲ್ಲಿ ಮಾತಾಡುತ್ತಾರೆ!

ಅದಕ್ಕೇ ಸಿನಿಮಾದ ಮೊದಲರ್ಧ ನನಗೆ ಹಿಡಿಸಿತು. ಒಂದೇ ಫ್ಲಾಟಿನಲ್ಲಿ ಊರಿನ ಗೆಳೆಯರು, ಎಂ.ಎ. ಪ್ರಬಂಧದ ಚಿಂತೆ, ಬಿಸಿಲಲ್ಲಿ ಓಡಾಟ. ಅದೇ ಕಟ್ಟಡದಲ್ಲಿ ಕಾಪ್ಟಿಕ್, ಅಂದರೆ ಈಜಿಪ್ಟಿನ ಮೂಲ ಕ್ರೈಸ್ತರ, ಹುಡುಗಿ ಮರಿಯಾ, ಕುರಾನಿನ ಮರ್ಯಮ್ ಅಧ್ಯಾಯ ಬಾಯಿಪಾಠ ಹೇಳುವವಳು. ರೈಲಿನಲ್ಲಿ ಅಮೆರಿಕದ ಹೆಂಗಸಿಗೆ ಮುಖ ಮುಚ್ಚುವ ನಕಾಬಿನ ಆಯಿಶಾ ಸೀಟು ಬಿಟ್ಟುಕೊಟ್ಟಾಗ ಜನ ರೇಗುತ್ತಾರೆ, ಫಹ್ರಿ ನಡುವೆ ಹೋಗುತ್ತಾನೆ. ನಮ್ಮ ಹಿಂದಿ ಸಿನಿಮಾಗಳಲ್ಲಿ ಟೋಪಿ ಹಾಕಿದ ಹುಡುಗ ಬಂದರೆ ಒಂದೋ ಬಾಂಬು ಇಡುತ್ತಾನೆ, ಇಲ್ಲಾ ನಾಯಕನಿಗೋಸ್ಕರ ಸಾಯುತ್ತಾನೆ. ಇಲ್ಲಿ ಅವನೇ ನಾಯಕ. ಅವನಿಗೆ ಪರೀಕ್ಷೆ ಇದೆ, ನಾಚಿಕೆ ಇದೆ. ಇಷ್ಟನ್ನು ನಿಮ್ಮ ಲೇಖಕರು ನೋಡಬೇಕಿತ್ತು.

ಇನ್ನು ನನ್ನ ಸಿಟ್ಟು. ಫಹ್ರಿ ಆಯಿಶಾಳನ್ನು ಮದುವೆಯಾಗುತ್ತಾನೆ. ನೆರೆಮನೆಯ ನೂರಾ ಅತ್ಯಾಚಾರದ ಸುಳ್ಳು ಆರೋಪ ಹೊರಿಸುತ್ತಾಳೆ, ಅವನು ಜೈಲು ಸೇರುತ್ತಾನೆ. ಸಾಕ್ಷಿ ಹೇಳಬೇಕಾದ, ಫಹ್ರಿಯನ್ನು ಒಳಗೊಳಗೇ ಪ್ರೀತಿಸಿದ್ದ ಮರಿಯಾ ಆಸ್ಪತ್ರೆಯಲ್ಲಿ ಪ್ರಜ್ಞೆ ಇಲ್ಲದೆ ಮಲಗಿದ್ದಾಳೆ. ಆಗ ಬಸುರಿ ಆಯಿಶಾಳೇ ಗಂಡನಿಗೆ ‘ಅವಳನ್ನೂ ಮದುವೆಯಾಗು’ ಅನ್ನುತ್ತಾಳೆ. ನಿಕಾಹ್ ಆಗುತ್ತದೆ, ಮರಿಯಾ ಎದ್ದು ಬಂದು ಸಾಕ್ಷಿ ಹೇಳುತ್ತಾಳೆ, ಕೊನೆಗೆ ತೀರಿಕೊಳ್ಳುತ್ತಾಳೆ. ಫಹ್ರಿಯ ಕೈ ಕೊಳೆಯಾಗದ ಹಾಗೆ ಎಲ್ಲ ಕೆಲಸವನ್ನೂ ಹೆಂಗಸರೇ ಮಾಡಿ ಮುಗಿಸುತ್ತಾರೆ. ಅವನು ಆಸೆ ಪಟ್ಟ ಅಂತ ಯಾರೂ ಹೇಳುವ ಹಾಗಿಲ್ಲ. ಎಷ್ಟು ಅನುಕೂಲ ಅಲ್ವಾ?

ನಿರ್ದೇಶಕರಿಗೂ ಇದು ಚುಚ್ಚಿರಬೇಕು. ಇಬ್ಬರು ಹೆಂಡತಿಯರ ಮನೆಯಲ್ಲಿ ಆಯಿಶಾ ಒಳಗೊಳಗೇ ಬೇಯುವುದನ್ನು ಅವರು ತೋರಿಸಿದ್ದಾರೆ. ನನಗೆ ಇಡೀ ಸಿನಿಮಾದಲ್ಲಿ ತುಂಬಾ ನಿಜ ಅನ್ನಿಸಿದ್ದು ಆ ಭಾಗವೇ. ಆದರೆ ಮರಿಯಾಳ ಸಾವು ಬಂದು ಎಲ್ಲವನ್ನೂ ತೊಳೆದುಬಿಡುತ್ತದೆ. ಇಂಡೋನೇಷ್ಯಾದಲ್ಲಿ 1974ರ ಮದುವೆ ಕಾನೂನಿನ ಪ್ರಕಾರ ಎರಡನೇ ಮದುವೆಗೆ ಕೋರ್ಟಿನ ಅನುಮತಿ ಬೇಕು, ಮೊದಲ ಹೆಂಡತಿಯ ಒಪ್ಪಿಗೆಯನ್ನೂ ಕೇಳುತ್ತಾರೆ. ಆ ಒಪ್ಪಿಗೆ ಹೇಗೆ ಬರುತ್ತದೆ ಅನ್ನುವುದೇ ಪ್ರಶ್ನೆ. ನಮ್ಮ ಓಣಿಯಲ್ಲೂ ಒಪ್ಪಿದವರಿದ್ದಾರೆ. ‘ಏನು ಮಾಡಲಿ ಆಪಾ, ಹ್ಞೂಂ ಅಂದೆ’ ಅಂತ ಹೇಳಿದವಳ ಪಕ್ಕದಲ್ಲಿ ಕೂತು ನಾನು ಮೆಂತ್ಯಸೊಪ್ಪು ಬಿಡಿಸಿದ್ದೇನೆ.

ಸಾರಾ ಅಬೂಬಕ್ಕರ್, ಬಾನು ಮುಷ್ತಾಕ್ ಅವರನ್ನು ಓದಿದ ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ ಶಿರಾಜಿಯವರ ಕಾದಂಬರಿ ಬಂದ 2004ರಲ್ಲೇ ಬಾನು ಅವರ ಕಥೆ ಇಟ್ಟುಕೊಂಡು ಗಿರೀಶ್ ಕಾಸರವಳ್ಳಿ ‘ಹಸೀನಾ’ ಮಾಡಿದರು. ಅಲ್ಲಿ ಗಂಡ ಬಿಟ್ಟುಹೋದ ಹೆಂಗಸು ಮಸೀದಿಯ ಮುಂದೆ ಹೋಗಿ ನ್ಯಾಯ ಕೇಳುತ್ತಾಳೆ. ಅವಳಿಗೂ ದೇವರಲ್ಲಿ ನಂಬಿಕೆ ಇದೆ, ಫಹ್ರಿಗಿಂತ ಒಂದು ಗುಲಗಂಜಿ ಕಡಿಮೆ ಇಲ್ಲ. ನಂಬಿಕೆ ಇರುವವರ ಸಿನಿಮಾ ಅಂದರೆ ಪ್ರವಚನ ಅಂತ ತಳ್ಳಿಹಾಕುವವರೂ ‘ಹಸೀನಾ’ ನೋಡಲಿ, ಫಹ್ರಿಯನ್ನು ನೋಡಿ ಕಣ್ಣೀರು ಹಾಕುವವರೂ ನೋಡಲಿ.

ಪುಣೆಯ ಕನ್ನಡ ಸಂಘದವರು ಈ ಪತ್ರ ಓದಿದರೆ ಒಂದು ವಿನಂತಿ. ಎರಡೂ ಸಿನಿಮಾಗಳನ್ನು ಒಂದೇ ದಿನ ತೋರಿಸಿ, ಆಮೇಲೆ ಮಾತಿಗೆ ಸಮಯ ಕೊಡಿ. ಇಲ್ಲಿ ಓದುವ ಹೊರದೇಶದ ಹುಡುಗ ಹುಡುಗಿಯರನ್ನೂ ಕರೆಯಿರಿ, ಇಂಗ್ಲಿಷ್ ಸಬ್‌ಟೈಟಲ್ ಇದ್ದರೆ ಸಾಕು. ಮಧ್ಯಾಹ್ನದ ಹೊತ್ತು ಇಟ್ಟುಕೊಳ್ಳಿ. ಸಂಜೆಯಾದರೆ ನನಗೆ ಡಬ್ಬಾ ಕಟ್ಟುವ ಕೆಲಸ ಇರುತ್ತದೆ.

ಇತಿ,
ನಿಮ್ಮ ಓದುಗಿ
ಕೊಂಢ್ವಾ, ಪುಣೆ