ಯೋಚನೆಗಳ ಹಾಜರಿ

ಸಕಲೇಶಪುರ

ಪ್ರೀತಿಯ ತಮ್ಮಾ,

ಕಥೆ ಎರಡು ಸಲ ಓದಿದೆ. ಜೊತೆಗಿಟ್ಟ ಚೀಟಿಯನ್ನೂ ಓದಿದೆ: ತಲೆ ತುಂಬ ಯೋಚನೆ, ಬರೆಯಲು ಕೂತರೆ ಒಂದೂ ಕೈಗೆ ಸಿಗುವುದಿಲ್ಲ ಅಂದಿದ್ದೀಯ.

ಮೊದಲು ಒಂದು ಲೆಕ್ಕ. ಹೋಟೆಲಿನಲ್ಲಿ ಒಂದು ಮಸಾಲೆದೋಸೆ, ಒಂದು ಕಾಫಿ, ಒಟ್ಟು 80 ರೂಪಾಯಿ. ದೋಸೆಗೆ ಕಾಫಿಗಿಂತ 50 ರೂಪಾಯಿ ಜಾಸ್ತಿ. ಕಾಫಿಗೆಷ್ಟು? 30 ಅಂದೆ ತಾನೆ? 15. ಕೂಡಿ ನೋಡು. 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಇಂಥದೇ ಒಗಟು ಹಿಡಿದು ಮನಸ್ಸಿನ ಚಾಳಿ ತೋರಿಸುತ್ತಿದ್ದರು. ಕೇಳಿದ್ದೇ ತಡ, ಹತ್ತಿರವಿದ್ದ ಉತ್ತರವನ್ನು ಎತ್ತಿ ಕೊಟ್ಟುಬಿಡುತ್ತದೆ. ಮೈ ಬಗ್ಗಿಸಿ ದುಡಿಯುವ ಯೋಚನೆ ಬೇರೆ. ಅದನ್ನು ಕರೆಯದಿದ್ದರೆ ಬರುವುದಿಲ್ಲ.

ನಿನ್ನ ಮೊದಲ ಪುಟದ 'ಮಂಜು ಮುಸುಕಿದ ಬೆಟ್ಟ', 'ಜುಳುಜುಳು ಹೇಮಾವತಿ' ಆ 30 ರೂಪಾಯಿಯ ಕಾಫಿಯೇ. ಸಿಟ್ಟಾಗಬೇಡ, ನನ್ನ ಮೊದಲ ಸಂಕಲನದ ತುಂಬ ಬರೀ ಮಂಜು.

ನಮ್ಮ ಕಡೆ ರೈಟ್ರು ಅಂದರೆ ಕಥೆ ಬರೆಯುವವನಲ್ಲ, ಎಸ್ಟೇಟಿನ ಲೆಕ್ಕ ಬರೆಯುವವರು. ನಾನೂ ಎರಡು ವರ್ಷ ಆ ಕೆಲಸ ಮಾಡಿದ್ದೆ. ಬೆಳಿಗ್ಗೆ ಹಾಜರಿ ಕೂಗುವುದು: ಯಾರು ಬಂದರು, ಯಾವ ಲೈನಿನಿಂದ, ಅಂದರೆ ಆಳುಗಳ ಮನೆಸಾಲಿನಿಂದ, ಬಂದರು, ಇವತ್ತು ಯಾವ ಕೆಲಸಕ್ಕೆ. ಬರವಣಿಗೆಗೆ ನನಗೆ ಉಳಿದ ಪಾಠ ಇದೊಂದೇ. ಒಂದು ಸಾಲು ಹೊಳೆದರೆ ತಡೆದು ನಿಲ್ಲಿಸಿ ಕೇಳುತ್ತೇನೆ, ನೀನು ಎಲ್ಲಿಂದ ಬಂದೆ? ನಾನು ಕಂಡದ್ದೋ, ಓದಿದ್ದೋ, ಯಾರೋ ಭಾಷಣದಲ್ಲಿ ಅಂದದ್ದೋ? ಹತ್ತರಲ್ಲಿ ಏಳೆಂಟು ಪರರ ತೋಟದ ಆಳುಗಳು. ಕಳಿಸಿಬಿಡುತ್ತೇನೆ.

ಇದನ್ನು ಕಾಗದದ ಮೇಲೇ ಮಾಡು. ಮನಸ್ಸು ಒಮ್ಮೆಗೆ ಹಿಡಿದಿಟ್ಟುಕೊಳ್ಳುವುದು ಸುಮಾರು ನಾಲ್ಕೇ ಸಂಗತಿ ಎಂದು ಮನಶ್ಶಾಸ್ತ್ರಜ್ಞ ನೆಲ್ಸನ್ ಕವನ್ 2001ರಲ್ಲಿ ವಾದಿಸಿದರು. ಐದನೆಯದು ಒಳಗೆ ಬಂದರೆ ಮೊದಲಿನದೊಂದು ಜಾರುತ್ತದೆ. ನಿನ್ನ 'ಒಂದೂ ಸಿಗುವುದಿಲ್ಲ' ಅನ್ನುವ ತಾಪತ್ರಯ ಅರ್ಧ ಇಷ್ಟೇ.

ಬರೆದೂ ಬಿಕ್ಕಟ್ಟು ಬಗೆಹರಿಯದಿದ್ದರೆ ಎದ್ದು ಹೋಗು. ಬಿಟ್ಟು ಎದ್ದರೂ ಯೋಚನೆ ಒಳಗೊಳಗೇ ಮಾಗುವ ಈ ಕಾವು ಕೂರುವುದನ್ನೂ ಇಂಗ್ಲೆಂಡಿನ ಚಿಂತಕ ಗ್ರಹಾಂ ವಾಲಸ್ 1926ರಲ್ಲೇ ಚಿಂತನೆಯ ಹಂತಗಳಲ್ಲಿ ಸೇರಿಸಿದ್ದ. ಕಾಫಿ ಗಿಡ ನೋಡಿದ್ದೀಯಲ್ಲ, ಮೊಗ್ಗು ಬೇಸಿಗೆಯ ಒಣಹವೆಯಲ್ಲಿ ಸುಮ್ಮನೆ ಮಲಗಿರುತ್ತದೆ. ಹೂಮಳೆ ಬಿದ್ದ ಎಂಟು-ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ. ಹಾಗಂತ ಮೊಗ್ಗೇ ಕಟ್ಟದ ಗಿಡಕ್ಕೆ ಎಷ್ಟು ಮಳೆ ಹುಯ್ದರೂ ಎಲೆ ತೊಳೆಯಿತು, ಅಷ್ಟೆ. ಮುಂಚೆ ತಿಣುಕದೆ 'ಸ್ಫೂರ್ತಿಗೆ ಕಾಯುತ್ತಿದ್ದೇನೆ' ಎನ್ನುವವರನ್ನು ನಾನು ನಂಬುವುದಿಲ್ಲ. ಮೊಬೈಲು ತಿಕ್ಕುತ್ತ ಕೂರುವುದೂ ಕಾವಲ್ಲ. ಅಲ್ಲಿ ಬೇರೆಯವರ ಆಳುಗಳು ಸಾಲುಗಟ್ಟಿ ಒಳಗೆ ನುಗ್ಗುತ್ತಾರೆ. ನಡೆ, ಪಾತ್ರೆ ತೊಳೆ, ಕಟ್ಟಿಗೆ ಒಟ್ಟು.

ಇನ್ನು ಕಥೆ. ಮೂರನೇ ಪುಟದಲ್ಲಿ ಅಜ್ಜಿ ಕೊಯ್ಲಿನ ಚೀಲವನ್ನು ಕೊಡವದೆ, ಹಾಗೇ ಮಡಿಸಿ ಅಟ್ಟದ ಮೇಲಿಡುತ್ತಾಳೆ. ಆ ಸಾಲಿಗೆ ಹಾಜರಿ ಹಾಕಿದ್ದೇನೆ. ಹಿಂದಿನ ಎರಡು ಪುಟ ತೆಗೆದುಹಾಕು. ಚೀಲದೊಳಗೆ ಏನಿತ್ತು ಅಂತ ಆಮೇಲೆ ಬರೆ.

ನಿನ್ನ
ಅಣ್ಣ