ಗಾಣದ ಮುಂದೆ ನಿಂತವರ ಬಗ್ಗೆ ಬರೆಯುವಾಗ

ಪ್ರಿಯ ಸುಮಾ ಅವರಿಗೆ, ನಮಸ್ಕಾರಗಳು.

ಜಮೈಕಾದ ಕಬ್ಬಿನ ತೋಟಗಳಲ್ಲಿ ಗುಲಾಮರಾಗಿ ದುಡಿದ ಆಫ್ರಿಕನ್ನರ ಕುರಿತ ನಿಮ್ಮ ಕರಡನ್ನು ಓದಿದೆ. ‘ಘೋರ’, ‘ಅಮಾನುಷ’ ಎಂಬ ಮಾತುಗಳು ಪುಟಪುಟದಲ್ಲೂ ಇವೆ. ಆದರೆ ಆ ಜನ ದಿನವಿಡೀ ಏನು ಕೆಲಸ ಮಾಡುತ್ತಿದ್ದರೆಂಬುದು ಎಲ್ಲಿಯೂ ಕಾಣುವುದಿಲ್ಲ. ಮೊದಲು ಕೆಲಸವನ್ನು ಬರೆಯಿರಿ.

ಕಡಿದ ಕಬ್ಬನ್ನು ಬೇಗ ಅರೆಯದಿದ್ದರೆ ಅದು ಕೆಡುತ್ತದೆ, ಹಿಂಡಿದ ಕಬ್ಬಿನ ಹಾಲಂತೂ ಕೆಲವೇ ಗಂಟೆಗಳಲ್ಲಿ ಹುಳಿಯುತ್ತದೆ. ಆದ್ದರಿಂದ ಸುಗ್ಗಿಯ ತಿಂಗಳುಗಳಲ್ಲಿ ಗಾಣವೂ ಒಲೆಯೂ ಹಗಲಿರುಳು ನಡೆಯುತ್ತಿದ್ದವು. ಇಲ್ಲಿ ಎಚ್ಚರ ಬೇಕು: ಹುಳಿಯುವುದು ಹಾಲಿನ ಗುಣ, ಹಗಲೆಲ್ಲ ಗದ್ದೆಯಲ್ಲಿ ದುಡಿದವರೇ ಸರದಿಯ ಮೇಲೆ ರಾತ್ರಿಯೂ ಗಾಣದ ಮುಂದೆ ನಿಲ್ಲಬೇಕೆಂದದ್ದು ಮಾಲೀಕನ ಲೆಕ್ಕಾಚಾರ. ನಿಮ್ಮ ಕರಡು ತಪ್ಪನ್ನೆಲ್ಲ ಯಂತ್ರದ ತಲೆಗೆ ಕಟ್ಟಿದೆ. ನೆಟ್ಟಗೆ ನಿಲ್ಲಿಸಿದ ಮೂರು ಉರುಳೆಗಳ ನಡುವೆ ಕಬ್ಬು ಕೊಡುತ್ತಿದ್ದವರು, ಅವರಲ್ಲಿ ಹೆಂಗಸರೂ ಬಹಳ, ಒಂದು ಗಳಿಗೆ ತೂಕಡಿಸಿದರೆ ಬೆರಳು ಸಿಕ್ಕಿ ತೋಳೇ ಒಳಗೆ ಹೋಗುತ್ತಿತ್ತು. ಅಂಥ ಹೊತ್ತಿಗೆ ತೋಳು ಕಡಿದು ಜೀವ ಉಳಿಸಲೆಂದು ಎಷ್ಟೋ ತೋಟಗಳಲ್ಲಿ ಪಕ್ಕದಲ್ಲೇ ಕೊಡಲಿ ಇಟ್ಟಿರುತ್ತಿದ್ದರು. ಅದನ್ನು ಹೇಳಿದ ಮೇಲೆ ‘ಘೋರ’ ಎಂಬ ಮಾತು ಬೇಕೇ?

ಪಾಕ ಕಾಯಿಸುವ ಮನೆಗೆ ಹೆಚ್ಚು ಜಾಗ ಕೊಡಿ. ನಮ್ಮ ಆಲೆಮನೆ ಕಂಡವರಿಗೆ ಅದು ತೀರ ಅಪರಿಚಿತವಲ್ಲ, ಆದರೆ ಅಲ್ಲಿ ದೊಡ್ಡದರಿಂದ ಚಿಕ್ಕದಕ್ಕೆ ನಾಲ್ಕೈದು ತಾಮ್ರದ ಕೊಪ್ಪರಿಗೆಗಳು ಸಾಲಾಗಿರುತ್ತಿದ್ದವು. ಹಾಲಿಗೆ ಸುಣ್ಣ ಬೆರೆಸಿ, ಮೇಲೆ ಬಂದ ಕೊಳೆ ತೆಗೆಯುತ್ತ, ದೊಡ್ಡ ಸೌಟಿನಿಂದ ಒಂದರಿಂದ ಇನ್ನೊಂದಕ್ಕೆ ಎತ್ತಿ ಹಾಕುತ್ತಿದ್ದರು. ಎಲ್ಲಕ್ಕಿಂತ ಹೆಚ್ಚು ಕಾದ ಕೊನೆಯ ಕೊಪ್ಪರಿಗೆಯ ಬಳಿ, ಹೆಬ್ಬೆರಳು ತೋರುಬೆರಳುಗಳ ನಡುವೆ ಪಾಕದ ಎಳೆ ಹಿಡಿದು ಹದ ನೋಡುತ್ತಿದ್ದವನೂ ಗುಲಾಮನೇ. ಒಂದು ಕ್ಷಣ ತಡವಾದರೆ ಸಕ್ಕರೆ ಕೆಟ್ಟಂತೆಯೇ. ತೋಟದ ಆದಾಯ ಅವನ ತಿಳಿವಳಿಕೆಯ ಮೇಲೆ ನಿಂತಿತ್ತು. ಲೆಕ್ಕದ ಪುಸ್ತಕದಲ್ಲಿ ಮಾತ್ರ ದನಗಳಂತೆ ಅವನಿಗೂ ಒಂದು ಬೆಲೆ. ನಿಮ್ಮ ಬರಹದಲ್ಲಿ ಅವನು ಬರಿಯ ನೊಂದವನಾಗಿದ್ದಾನೆ, ಬಲ್ಲವನಾಗಿ ಬಂದೇ ಇಲ್ಲ. ಸಕ್ಕರೆಯ ಅಚ್ಚುಗಳಿಂದ ಕಾಕಂಬಿ, ಅಂದರೆ ಹರಳಾಗದೆ ಉಳಿದ ಕಪ್ಪು ಪಾಕ, ಸೋರುವುದನ್ನೂ ಅದರಿಂದ ರಮ್ ಇಳಿಸುವುದನ್ನೂ ಎರಡು ಸಾಲಿನಲ್ಲಿ ಮುಗಿಸಬಹುದು.

ಇನ್ನು ನಿಮ್ಮ ಕೊನೆಯ ಅಧ್ಯಾಯ. ಅಮೆರಿಕದ ಲೂಯಿಸಿಯಾನ ರಾಜ್ಯದ ನ್ಯೂ ಆರ್ಲಿಯನ್ಸ್‌ನ ಕಪ್ಪುಮೂಲದ ಎಂಜಿನಿಯರ್ ನಾರ್ಬರ್ಟ್ ರಿಲ್ಯೂ 1843ರಲ್ಲಿ ಪೇಟೆಂಟ್ ಪಡೆದ ಯಂತ್ರ, ಒಂದು ಪಾತ್ರೆಯ ಆವಿಯಿಂದಲೇ ಮುಂದಿನ ಪಾತ್ರೆಯ ರಸವನ್ನು ಬತ್ತಿಸಿ ಸೌದೆ ಉಳಿಸಿತು, ತೆರೆದ ಕೊಪ್ಪರಿಗೆಗಳ ಅಪಾಯವನ್ನೂ ತಗ್ಗಿಸಿತು. ನೀವು ಅದನ್ನು ಬಿಡುಗಡೆಯ ಕಥೆಯಂತೆ ಬರೆದಿದ್ದೀರಿ. ಜಮೈಕಾದಲ್ಲಿ 1838ರ ಹೊತ್ತಿಗೇ ಗುಲಾಮಗಿರಿ ಪೂರ್ತಿ ಕೊನೆಗೊಂಡಿತ್ತು. ಲೂಯಿಸಿಯಾನದಲ್ಲಿ ಆ ಯಂತ್ರವನ್ನು ಕೊಂಡವರು ಗುಲಾಮರ ಒಡೆಯರು, ಅಂತರ್ಯುದ್ಧದ ಕಾಲದವರೆಗೂ ಅದರ ಮುಂದೆ ದುಡಿದವರು ಗುಲಾಮರು. ಆ ಭಾಗವನ್ನು ತಿದ್ದಿ ಕಳುಹಿಸಿ, ಓದುತ್ತೇನೆ.

ಇಂತಿ ನಿಮ್ಮ ಹಿತೈಷಿ